ಕೆಲಸಕ್ಕೆಂದು ಜರ್ಮನಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ ಮೇಲೆ ಊರಿನ ಕಡೆಯಿಂದ ಬರುವ ಫೋನು, ಪತ್ರ, ಮೆಸೇಜುಗಳಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಹೊಸದಾಗಿ ಬಂದವರು ಊಟದ ಹೊತ್ತಿಗೆ ಕೇಳುವುದೂ ಅವನ್ನೇ. ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಕಾಗದಪತ್ರದ ವಿಷಯ ಮೊದಲು, ಮನಸ್ಸಿನ ವಿಷಯ ಆಮೇಲೆ. ನಿಯಮಗಳು, ಮೊತ್ತಗಳು ಆಗಾಗ ಬದಲಾಗುತ್ತವೆ. ಸಹಿ ಹಾಕುವ ಮುಂಚೆ ನಿಮ್ಮ ನಗರದ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

## ಹೊರಡುವ ಮುಂಚೆ

ಬಟ್ಟೆ, ಪಾತ್ರೆ, ಮಸಾಲೆ ಎಲ್ಲ ಪಟ್ಟಿ ಮಾಡಿದ್ದೀನಿ. ಮರೆಯಲೇಬಾರದ್ದು ಅಂತ ಏನಾದ್ರೂ ಇದೆಯಾ?

ಮಸಾಲೆ ಇಲ್ಲೂ ಸಿಗುತ್ತದೆ. ಸಿಗದಿರುವುದು ಕಾಗದ. ಡಿಗ್ರಿ, ಅಂಕಪಟ್ಟಿ, ಕೆಲಸದ ಅನುಭವ ಪತ್ರ, ಮದುವೆ ಪ್ರಮಾಣಪತ್ರ, ಎಲ್ಲರ ಜನನ ಪ್ರಮಾಣಪತ್ರ, ಡ್ರೈವಿಂಗ್ ಲೈಸೆನ್ಸ್ ಇವುಗಳ ಅಸಲು ಪ್ರತಿಗಳನ್ನು ಕೈಚೀಲದಲ್ಲೇ ತನ್ನಿ. ಮಕ್ಕಳಿದ್ದರೆ ಲಸಿಕೆ ಕಾರ್ಡು ಬೇಕೇ ಬೇಕು. 2020ರಿಂದ ಇಲ್ಲಿ ಶಿಶುವಿಹಾರಕ್ಕೂ ಶಾಲೆಗೂ ಸೇರಿಸುವಾಗ ದಡಾರ ಲಸಿಕೆ ಹಾಕಿಸಿದ್ದಕ್ಕೆ ದಾಖಲೆ ಕೇಳುತ್ತಾರೆ. ದಿನವೂ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಚೀಟಿ ಮತ್ತು ಹಳೆಯ ರಿಪೋರ್ಟು ತನ್ನಿ, ಏಕೆಂದರೆ ಇಲ್ಲಿ ತಜ್ಞ ವೈದ್ಯರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು.

ಇನ್ನೆರಡು ಕೆಲಸ ಊರಲ್ಲೇ ಮುಗಿಸಿ. ಒಂದು, ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವ ವಿಧಾನ ಕೇಳಿಕೊಂಡು ಬನ್ನಿ. ವಿದೇಶದಲ್ಲಿ ನೆಲೆಸಿದವರು ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಇನ್ನೊಂದು, ಊರಿನ ಮೊಬೈಲ್ ನಂಬರನ್ನು ಬಿಡಬೇಡಿ. ಕಡಿಮೆ ದುಡ್ಡಿನ ರೀಚಾರ್ಜ್ ಮಾಡಿಸಿ ಜೀವಂತ ಇಟ್ಟುಕೊಳ್ಳಿ. ಒಟಿಪಿ ಬಾರದೆ ಬ್ಯಾಂಕು, ತೆರಿಗೆ, ಆಧಾರ್ ಎಲ್ಲ ಒಂದೇ ಸಲ ನಿಂತುಹೋಗಿ ಪರದಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಮಿಕ್ಸಿ ತರಬಹುದು. ಇಲ್ಲೂ ಕರೆಂಟು 230 ವೋಲ್ಟೇ, ಪ್ಲಗ್‌ಗೆ ಒಂದು ಅಡಾಪ್ಟರ್ ಸಾಕು.

ಜರ್ಮನ್ ಕಲಿತೇ ಬರಬೇಕಾ? ಆಫೀಸಲ್ಲಿ ಎಲ್ಲ ಇಂಗ್ಲಿಷೇ ಅಂತೆ.

ಓದಿದ ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಕಿಲ್ಲ. ಎಷ್ಟೋ ಕಂಪನಿಗಳಲ್ಲಿ ಕೆಲಸ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಬಾಡಿಗೆ ಕರಾರು, ವಿಮೆಯ ಪತ್ರ, ಶಾಲೆಯ ಸೂಚನೆ, ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವವರ ಮಾತು ಎಲ್ಲ ಜರ್ಮನ್. ಮೆಟ್ಟಿಲ ಮೇಲೆ ಸಿಗುವ ನೆರೆಮನೆಯ ಅಜ್ಜಿಗೂ ಇಂಗ್ಲಿಷ್ ಬರುವುದಿಲ್ಲ.

ನನ್ನ ಸಲಹೆ ಇಷ್ಟು. ಊರಲ್ಲಿರುವಾಗಲೇ ಎ1, ಅಂದರೆ ಜರ್ಮನ್ ಕಲಿಕೆಯ ಮೊದಲ ಹಂತ, ಮುಗಿಸಿ ಬನ್ನಿ. ಬೆಂಗಳೂರಿನಲ್ಲಿ ಗೋಯ್ತೆ ಇನ್‌ಸ್ಟಿಟ್ಯೂಟ್ ಇದೆ, ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯುತ್ತಾರಲ್ಲ, ಅದೇ. ಬಂದ ಮೇಲೆ ಕಲಿಯೋಣ ಅಂದುಕೊಂಡವರಿಗೆ ಮೊದಲ ವರ್ಷ ಮನೆ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಎರಡನೇ ವರ್ಷ ಇಂಗ್ಲಿಷಿನಲ್ಲೇ ಹೇಗೋ ನಡೆಯುತ್ತಿದೆಯಲ್ಲ ಅನ್ನಿಸುತ್ತದೆ. ಐದು ವರ್ಷವಾದರೂ ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುವವರು ಇದ್ದಾರೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ, ಆಫೀಸಿನ ಇಂಗ್ಲಿಷ್ ಅವರಿಗೆ ಕಲಿಯುವ ಅಗತ್ಯವೇ ಬರದ ಹಾಗೆ ಮಾಡಿಬಿಟ್ಟಿತು.

ಹೆಂಡತಿ ಮಕ್ಕಳನ್ನ ಜೊತೆಗೇ ಕರ್ಕೊಂಡು ಬರ್ಲಾ, ಮೊದ್ಲು ನಾನೊಬ್ನೇ ಬಂದು ನೋಡ್ಲಾ?

ಮನೆ ಸಿಗುವವರೆಗೆ ಒಬ್ಬರೇ ಇರುವುದು ಒಳ್ಳೆಯದು. ಹೋಟೆಲು ಅಥವಾ ತಾತ್ಕಾಲಿಕ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಮನೆ ಹುಡುಕುವುದು ಎಲ್ಲರಿಗೂ ಹಿಂಸೆ. ಆದರೆ ಅದನ್ನು ಎರಡು ಮೂರು ತಿಂಗಳಿಗಿಂತ ಜಾಸ್ತಿ ಎಳೆಯಬೇಡಿ. ನೀವು ಒಬ್ಬರೇ ಇಲ್ಲಿನ ಬದುಕಿಗೆ ಒಗ್ಗಿಕೊಂಡಷ್ಟೂ ಆಮೇಲೆ ಬರುವವರು ಹಿಂದೆ ಬೀಳುತ್ತಾರೆ.

ಬ್ಲೂ ಕಾರ್ಡ್ ಇರುವವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಇಲ್ಲ. ಬಂದ ಕೂಡಲೇ ಕೆಲಸ ಮಾಡುವ ಹಕ್ಕೂ ಇದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

## ಮೊದಲ ಕೆಲವು ವಾರ

ಬಂದಿಳಿದ ಮೇಲೆ ಮೊದಲು ಯಾವ ಕೆಲಸ ಮಾಡಬೇಕು?

ವಿಳಾಸ ನೋಂದಣಿ. ಇದನ್ನು ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ನಗರದ ನಾಗರಿಕ ಸೇವಾ ಕಚೇರಿಯಾದ ಬ್ಯುರ್ಗರ್‌ಆಮ್ಟ್‌ನಲ್ಲಿ ಮಾಡಿಸಬೇಕು. ಪಾಸ್‌ಪೋರ್ಟಿನ ಜೊತೆಗೆ ಮನೆ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರವೂ ಬೇಕು. ಬಾಡಿಗೆ ಕರಾರು ಒಂದೇ ತೋರಿಸಿದರೆ ಸಾಲದು. ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ವಿಮಾನ ಹತ್ತುವ ಮುಂಚೆಯೇ ಬುಕ್ ಮಾಡಲು ನೋಡಿ.

ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಕಂಪನಿಗೆ ಕೊಡದಿದ್ದರೆ ಸಂಬಳದಲ್ಲಿ ಆರನೇ ವರ್ಗದ ತೆರಿಗೆ ಹಿಡಿಯುತ್ತಾರೆ, ಎಲ್ಲಕ್ಕಿಂತ ಜಾಸ್ತಿ ಹಿಡಿಯುವ ವರ್ಗ ಅದು. ಇಲ್ಲಿ ಒಂದು ಸಣ್ಣ ವಿಷಯ ತುಂಬಾ ಜನರನ್ನು ಕಾಡುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇರದಿದ್ದರೆ ಅಂಚೆಯವರು ಪತ್ರ ಹಾಕುವುದಿಲ್ಲ, ವಾಪಸ್ ಕಳಿಸುತ್ತಾರೆ. ಮನೆಯ ಬೀಗದ ಕೈ ಸಿಕ್ಕ ದಿನವೇ ಹೆಸರು ಅಂಟಿಸಿ.

ನೋಂದಣಿಯ ಅರ್ಜಿಯಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಸಭೆಗೆ ಸೇರಿದವರಿಗೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ. ಬವೇರಿಯಾ ಮತ್ತು ಬಾಡನ್-ವ್ಯುರ್ಟೆಂಬೆರ್ಗ್‌ನಲ್ಲಿ ತೆರಿಗೆಯ ಶೇ. 8ರಷ್ಟು, ಉಳಿದ ರಾಜ್ಯಗಳಲ್ಲಿ ಶೇ. 9ರಷ್ಟು. ಮಂಗಳೂರು ಕಡೆಯ ಗೆಳೆಯರು ಇದನ್ನು ತಿಳಿದುಕೊಂಡು ಬರೆದರೆ ಸಂಬಳದ ಚೀಟಿ ನೋಡಿ ಗಾಬರಿಯಾಗುವುದಿಲ್ಲ.

ಅರ್ಜಿ ಹಾಕಿ ಹಾಕಿ ಸಾಕಾಯ್ತು, ಮನೆ ಸಿಗ್ತಾನೇ ಇಲ್ಲ. ಏನು ಮಾಡ್ಲಿ?

ಮ್ಯೂನಿಕ್, ಬರ್ಲಿನ್, ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್ ಎಲ್ಲ ಕಡೆ ಇದೇ ಕಥೆ. ಒಂದು ಮನೆಗೆ ನೂರಾರು ಅರ್ಜಿ ಬರುತ್ತವೆ. ಹೊಸಬರಲ್ಲಿ ಸಾಲ ಚುಕ್ತಾ ಮಾಡಿದ ಇತಿಹಾಸ ತೋರಿಸುವ ಶೂಫಾ ವರದಿಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಕೆಲಸದ ಕರಾರು, ಸಂಬಳದ ಚೀಟಿ, ಕಂಪನಿಯಿಂದ ಒಂದು ಪತ್ರ, ನಿಮ್ಮ ಬಗ್ಗೆ ಜರ್ಮನ್‌ನಲ್ಲಿ ಬರೆದ ನಾಲ್ಕು ಸಾಲು, ಇಷ್ಟನ್ನೂ ಒಂದೇ ಫೈಲಿನಲ್ಲಿ ಸಿದ್ಧ ಇಟ್ಟುಕೊಳ್ಳಿ. ಜಾಹೀರಾತು ಕಂಡ ಒಂದು ಗಂಟೆಯೊಳಗೆ ಕಳಿಸಿ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಅಂದರೆ ಬರೀ ಮನೆಯ ಬಾಡಿಗೆ. ವಾರ್ಮ್‌ಮೀಟೆ ಅಂದರೆ ಹೀಟಿಂಗ್, ನೀರು, ಕಸ ಮುಂತಾದ ಖರ್ಚು ಸೇರಿಸಿದ್ದು. ಮನೆಯ ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಎರಡರಲ್ಲೂ ಸೇರಿರುವುದಿಲ್ಲ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಎಷ್ಟೋ ಮನೆಗಳಲ್ಲಿ ಅಡುಗೆಕೋಣೆ ಖಾಲಿ ಇರುತ್ತದೆ, ಸಿಂಕು ಸ್ಟವ್ ಕೂಡ ಇರುವುದಿಲ್ಲ. ಅಡುಗೆಮನೆ ಸೇರಿದೆಯಾ ಅಂತ ಮೊದಲೇ ಕೇಳಿ.

ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದು ಮೋಸ. ಒಳಗೆ ಕಾಲಿಡದ ಮನೆಗೆ ದುಡ್ಡು ಕೊಡಬೇಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ನಗರದ ನಡುವೆಯೇ ಬೇಕು ಅಂತ ಹಟ ಬೇಡ. ಎಸ್‌-ಬಾನ್ ರೈಲು ಹೋಗುವ ಪಕ್ಕದ ಸಣ್ಣ ಊರು ನೋಡಿ. ಬಾಡಿಗೆ ಕಡಿಮೆ ಅನ್ನುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಸಣ್ಣ ಊರಿನಲ್ಲಿ ಜನ ನಿಮ್ಮನ್ನು ಬೇಗ ಗುರುತು ಹಿಡಿಯುತ್ತಾರೆ. ಬೇಕರಿ, ಔಷಧಿ ಅಂಗಡಿ, ಬಸ್ ನಿಲ್ದಾಣ ಎಲ್ಲ ಕಡೆ ಅವೇ ಮುಖಗಳು ಸಿಗುತ್ತವೆ.

ಹೆಲ್ತ್ ಇನ್ಶೂರೆನ್ಸ್ ಸರ್ಕಾರದ್ದು ತಗೊಳ್ಳೋದಾ, ಪ್ರೈವೇಟಾ?

ಸಂಬಳ ಒಂದು ಮಿತಿ ದಾಟಿದವರಿಗೆ ಮಾತ್ರ ಈ ಆಯ್ಕೆ ಇದೆ. ಕುಟುಂಬ ಇದ್ದರೆ ಸಾರ್ವಜನಿಕ ವಿಮೆಯೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸಂಬಳದ ಶೇ. 14.6 ಮತ್ತು ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ಪಾಲು, ಎರಡರಲ್ಲೂ ಅರ್ಧವನ್ನು ಕಂಪನಿ ಕಟ್ಟುತ್ತದೆ. ಸಂಪಾದನೆ ಇಲ್ಲದ ಸಂಗಾತಿ ಮತ್ತು ಮಕ್ಕಳು ಅದರಲ್ಲೇ ಸೇರುತ್ತಾರೆ. ಖಾಸಗಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಕಟ್ಟಬೇಕು, ವಯಸ್ಸಾದಂತೆ ಏರುತ್ತದೆ, ವಾಪಸ್ ಬರುವ ದಾರಿಯೂ ಸುಲಭವಲ್ಲ.

ಫೋನಿನಲ್ಲಿ ಮೂರು ನಂಬರ್ ಬರೆದಿಡಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110, ಜೀವಕ್ಕೆ ಅಪಾಯ ಇಲ್ಲದ ಆದರೆ ರಾತ್ರಿಯೋ ರಜೆಯ ದಿನವೋ ಡಾಕ್ಟರು ಬೇಕಾದಾಗ 116117.

ತಿಂಗಳಿಗೆ 18 ಯೂರೋ ಚಿಲ್ಲರೆ ಕಟ್ಟಿ ಅಂತ ಕಾಗದ ಬಂದಿದೆ. ನಮ್ಮನೇಲಿ ಟಿವಿನೇ ಇಲ್ಲ. ಮೋಸಾನಾ?

ಮೋಸ ಅಲ್ಲ. ಸಾರ್ವಜನಿಕ ರೇಡಿಯೋ, ಟಿವಿಗಾಗಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಟಿವಿ ಇರಲಿ, ಬಿಡಲಿ. ತಲೆಗೊಂದಲ್ಲ, ಮನೆಗೊಂದು. ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಉತ್ತರಿಸಿ.

## ದಿನದಿನದ ಬದುಕು

ಭಾನುವಾರ ಬಂತು ಅಂದ್ರೆ ಭಯ ಆಗುತ್ತೆ. ಅಂಗಡಿ ಇಲ್ಲ, ಜನ ಇಲ್ಲ. ಏನು ಮಾಡ್ತೀರಾ ನೀವೆಲ್ಲ?

ಭಾನುವಾರ ಅಂಗಡಿ ಮುಚ್ಚಬೇಕು ಅನ್ನುವುದು ಇಲ್ಲಿನ ಕಾನೂನು. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಬೆಳಗಿನ ಹೊತ್ತು ಕೆಲವು ಬೇಕರಿಗಳು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು ತರಕಾರಿ ತಂದಿಟ್ಟುಕೊಳ್ಳುವುದು ಬೇಗ ರೂಢಿಯಾಗುತ್ತದೆ.

ಜನ ಇಲ್ಲ ಅನ್ನುವುದು ಮಾತ್ರ ನಿಜವಲ್ಲ. ಅವರು ಕಾಡಿನ ದಾರಿಯಲ್ಲಿ, ಹೊಳೆಯ ದಂಡೆಯಲ್ಲಿ, ಈಜುಕೊಳದಲ್ಲಿ ಇರುತ್ತಾರೆ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2026ರಿಂದ 63 ಯೂರೋ ಆಗಿದೆ. ಅದರಲ್ಲಿ ದೇಶದ ಯಾವ ನಗರದ ಬಸ್ಸು, ಟ್ರಾಮಿನಲ್ಲೂ, ಪ್ರಾದೇಶಿಕ ರೈಲಿನಲ್ಲೂ ಓಡಾಡಬಹುದು. ಐಸಿಇಯಂಥ ವೇಗದ ರೈಲಿಗೆ ಮಾತ್ರ ಇಲ್ಲ. ಮನೆಯಲ್ಲಿ ಕೂತು ಊರಿಗೆ ವಿಡಿಯೋ ಕಾಲ್ ಮಾಡುತ್ತಾ ಭಾನುವಾರ ಕಳೆದರೆ ಸೋಮವಾರ ಇನ್ನೂ ಭಾರವಾಗುತ್ತದೆ. ಬೆಳಗ್ಗೆ ಹೊರಡಿ, ಸಂಜೆ ಬಂದು ಕಾಲ್ ಮಾಡಿ. ಬೇಸಿಗೆಯಲ್ಲಿ ಊರು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಮ್ಮ ಮಲಗುವ ಹೊತ್ತನ್ನು ಲೆಕ್ಕ ಹಾಕಿಕೊಂಡರೆ ಆಯಿತು.

ಕೆಳಗಿನ ಮನೆಯವರು ಬಾಗಿಲು ತಟ್ಟಿ ಏನೋ ಜೋರಾಗಿ ಹೇಳಿದ್ರು. ನಾವೇನು ತಪ್ಪು ಮಾಡಿದ್ವಿ?

ಮುಕ್ಕಾಲು ಪಾಲು ಸದ್ದು, ಕಸ ಅಥವಾ ಮೆಟ್ಟಿಲು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮತ್ತು ಭಾನುವಾರ ಇಡೀ ದಿನ ಡ್ರಿಲ್ ಹೊಡೆಯುವಂಥ ಸದ್ದು ಮಾಡಬಾರದು. ಗಾಜಿನ ಬಾಟಲಿಯನ್ನು ಭಾನುವಾರ ತೊಟ್ಟಿಗೆ ಹಾಕಿದರೂ ಸಿಟ್ಟಾಗುತ್ತಾರೆ. ಕಾಗದ, ಹಸಿ ಕಸ, ಪ್ಯಾಕಿಂಗ್ ಪ್ಲಾಸ್ಟಿಕ್, ಉಳಿದದ್ದು ಎಲ್ಲಕ್ಕೂ ಬೇರೆ ಬೇರೆ ಡಬ್ಬಿ. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ.

ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅನ್ನುವ ಪದ್ಧತಿ ಇದೆ. ಮೆಟ್ಟಿಲು, ಮನೆಯ ಮುಂದಿನ ದಾರಿ ಗುಡಿಸಿ ಒರೆಸುವ ಸರದಿ ವಾರಕ್ಕೊಬ್ಬರದು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ನೇತು ಹಾಕುತ್ತಾರೆ. ನಮ್ಮವರು ಕೆಲವರು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುತ್ತಾರೆ. ಸಾಧ್ಯವಾದರೆ ನೀವೇ ಮಾಡಿ. ಪೊರಕೆ ಹಿಡಿದು ನಿಂತಾಗಲೇ ನನಗೆ ನೆರೆಯವರೆಲ್ಲರ ಹೆಸರು ಗೊತ್ತಾಗಿದ್ದು.

ಚಳಿಯಲ್ಲೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಅಡುಗೆಯ ಹಬೆ ಗೋಡೆಗೆ ಕೂತು ಬೂಷ್ಟು ಹಿಡಿದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ.

ನಮ್ಮ ಲೈಸೆನ್ಸಲ್ಲಿ ಇಲ್ಲಿ ಕಾರು ಓಡಿಸಬಹುದಾ?

ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಓಡಿಸಬಹುದು. ಆಮೇಲೆ ಥಿಯರಿ ಮತ್ತು ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಹೊಸದಾಗಿ ಕಲಿಯುವವರಿಗೆ ಇರುವ ಕಡ್ಡಾಯ ತರಗತಿಗಳು ನಿಮಗಿಲ್ಲ, ಆದರೂ ನಾಲ್ಕಾರು ಕ್ಲಾಸು ತೆಗೆದುಕೊಳ್ಳಿ. ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮ, ಸೈಕಲ್ ಪಥ ನೋಡಿ ತಿರುಗುವುದು ಇವೆಲ್ಲ ಹೊಸದು.

ಆಫೀಸಲ್ಲಿ ಹೇಗಿರಬೇಕು? ನೇರವಾಗಿ ತಪ್ಪು ಎತ್ತಿ ತೋರಿಸ್ತಾರೆ, ಬೇಜಾರಾಗುತ್ತೆ.

ಕೆಲಸದ ತಪ್ಪನ್ನು ಹೇಳುವುದು ನಿಮ್ಮನ್ನು ಹಳಿಯುವುದಲ್ಲ. ಹೇಳಿದವರೇ ಹತ್ತು ನಿಮಿಷಕ್ಕೆ ನಿಮ್ಮನ್ನು ಕಾಫಿಗೆ ಕರೆಯುತ್ತಾರೆ. ನೀವೂ ಆಗದ ಕೆಲಸಕ್ಕೆ ಆಗಲ್ಲ ಅಂತ ನೇರವಾಗಿ ಹೇಳಬಹುದು. ನೋಡೋಣ, ಪ್ರಯತ್ನಿಸುತ್ತೇನೆ ಅಂದರೆ ಅವರು ಹೌದು ಅಂತಲೇ ತಿಳಿಯುತ್ತಾರೆ.

ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್, ಆಗ ಎರಡು ವಾರದ ನೋಟಿಸಿನಲ್ಲಿ ಯಾರು ಬೇಕಾದರೂ ಬಿಡಬಹುದು. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ರಜೆ ಇದೆ, ಎಷ್ಟೋ ಕಂಪನಿಗಳು 30 ಕೊಡುತ್ತವೆ. ಅದನ್ನು ಪೂರ್ತಿ ತೆಗೆದುಕೊಳ್ಳಿ. ಜ್ವರ ಬಂದರೆ ಬೆಳಗ್ಗೆಯೇ ತಿಳಿಸಿ ಮನೆಯಲ್ಲಿರಿ. ಜ್ವರದಲ್ಲಿ ಕೆಲಸಕ್ಕೆ ಹೋದರೆ ಇಲ್ಲಿ ಯಾರೂ ಮೆಚ್ಚುವುದಿಲ್ಲ. ನಿಮ್ಮ ಹುಟ್ಟುಹಬ್ಬಕ್ಕೆ ಕೇಕು ನೀವೇ ತರಬೇಕು, ಬೇರೆಯವರಿಗೆ ಹಿಂದಿನ ದಿನವೇ ಶುಭಾಶಯ ಹೇಳಬಾರದು, ಅಪಶಕುನ ಅಂತ ನಂಬುತ್ತಾರೆ.

## ಜನ, ಭಾಷೆ, ಮನಸ್ಸು

ಬಂದು ಎರಡು ವರ್ಷ ಆಯ್ತು. ಒಬ್ರೂ ಫ್ರೆಂಡ್ಸ್ ಆಗಿಲ್ಲ. ಜರ್ಮನ್ನರು ಬೆರೆಯಲ್ಲ ಅನ್ನೋದು ನಿಜಾನಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನೆಲೆ ಸಿಗುವುದು, ಸಿಗದಿರುವುದು ಇದರ ಮೇಲೇ ನಿಂತಿದೆ.

ಇಲ್ಲಿ ಸುಮ್ನೆ ಮಾತಾಡುತ್ತಾ ಗೆಳೆತನ ಬೆಳೆಯುವುದು ಕಡಿಮೆ. ಬಸ್ಸಿನಲ್ಲಿ ಪಕ್ಕ ಕೂತವರು ಯಾವ ಊರು, ಎಷ್ಟು ಮಕ್ಕಳು ಅಂತ ಕೇಳುವುದಿಲ್ಲ. ಸಹೋದ್ಯೋಗಿಗಳು ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ. ಅವರ ಗೆಳೆಯರೆಲ್ಲ ಶಾಲೆಯ ದಿನಗಳಿಂದ ಇದ್ದವರು. ಹೊಸಬರು ಒಳಗೆ ಹೋಗುವ ಬಾಗಿಲು ಬೇರೆ ಕಡೆ ಇದೆ, ಅದರ ಹೆಸರು ಫೆರೈನ್, ಅಂದರೆ ಸಂಘ. ಜರ್ಮನಿಯಲ್ಲಿ ನೋಂದಾಯಿತ ಸಂಘಗಳೇ 6 ಲಕ್ಷಕ್ಕಿಂತ ಜಾಸ್ತಿ ಇವೆ. ವಾಲಿಬಾಲ್, ಚೆಸ್, ಹಾಡುವ ಗುಂಪು, ತೋಟಗಾರಿಕೆ, ಕಾಡಿನ ನಡಿಗೆ, ಸ್ವಯಂಸೇವಕರ ಅಗ್ನಿಶಾಮಕ ದಳ, ಹೀಗೆ ಎಲ್ಲಕ್ಕೂ. ನಮ್ಮ ಭಾಗದಲ್ಲಿ 1888ರಲ್ಲಿ ಶುರುವಾದ ಶ್ವೇಬಿಷರ್ ಆಲ್ಬ್‌ಫೆರೈನ್ ಅನ್ನುವ ನಡಿಗೆಯ ಸಂಘ ಇಂದಿಗೂ ಬೆಟ್ಟದ ದಾರಿಗಳಿಗೆ ಗುರುತು ಹಾಕಿ ಕಾಯುತ್ತದೆ.

ಒಂದನ್ನು ಆರಿಸಿ. ಒಂದೇ ಸಾಕು, ಆದರೆ ವಾರಕ್ಕೊಮ್ಮೆ ಸೇರುವಂಥದ್ದಾಗಿರಲಿ. ಮೊದಲ ಒಂದೆರಡು ತಿಂಗಳು ಯಾರೂ ನಿಮ್ಮನ್ನು ವಿಚಾರಿಸಿಕೊಳ್ಳದೇ ಇರಬಹುದು. ಹೋಗುತ್ತಿರಿ. ಆಮೇಲೆ ಒಂದು ಸಣ್ಣ ಕೆಲಸ ವಹಿಸಿಕೊಳ್ಳಿ. ಬೇಸಿಗೆಯ ಹಬ್ಬಕ್ಕೆ ಬೆಂಚು ಜೋಡಿಸುವುದೋ, ನೆಟ್ ಕಟ್ಟುವುದೋ, ಬೀಗದ ಕೈ ಇಟ್ಟುಕೊಳ್ಳುವುದೋ ಏನಾದರೂ ಸರಿ. ಅತಿಥಿಯಾಗಿ ಹೋದವರನ್ನು ಇಲ್ಲಿ ಮರ್ಯಾದೆಯಿಂದ ಕಾಣುತ್ತಾರೆ, ಆದರೆ ಕೆಲಸ ಹೊತ್ತವರನ್ನು ಮಾತ್ರ ನಮ್ಮವರು ಅಂತ ಎಣಿಸುತ್ತಾರೆ. ಕಳೆದ ಮಂಗಳವಾರ ನೀವು ಬರಲಿಲ್ಲವಲ್ಲ, ಹುಷಾರಾಗಿದ್ದೀರಾ ಅಂತ ಒಬ್ಬರು ಕೇಳಿದ ದಿನ ಇಲ್ಲಿನ ಊರಿನ ಜೊತೆ ನಿಮ್ಮ ಸಂಬಂಧವೇ ಬದಲಾಗುತ್ತದೆ. ನೀವು ಬಾರದಿದ್ದರೆ ಯಾರಿಗೋ ಗೊತ್ತಾಗುತ್ತದೆ ಅನ್ನುವುದು ತುಂಬಾ ದೊಡ್ಡ ವಿಷಯ.

ಕರೆಯುವ ರೀತಿಯೂ ಬೇರೆ. ಒಮ್ಮೆ ಮನೆಗೆ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಮೂರು ವಾರ ಬಿಟ್ಟು ಶನಿವಾರ ನಾಲ್ಕು ಗಂಟೆಗೆ ಬನ್ನಿ ಅಂತ ಕರೆಯಿರಿ, ನಾಲ್ಕಕ್ಕೆ ಸರಿಯಾಗಿ ಬಾಗಿಲಲ್ಲಿರುತ್ತಾರೆ.

ಯಾವಾಗ್ಲೂ ನಮ್ಮೋರ ಜೊತೇನೇ ಇದ್ರೆ ತಪ್ಪಾ?

ತಪ್ಪೇನಿಲ್ಲ. ಕಾಯಿಲೆ ಬಿದ್ದಾಗ ಸಾರು ತಂದುಕೊಡುವವರು ಅವರೇ. ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ನಗರಗಳಲ್ಲಿ ಕನ್ನಡ ಸಂಘಗಳಿವೆ, ರಾಜ್ಯೋತ್ಸವ, ಯುಗಾದಿ ಮಾಡುತ್ತಾರೆ. ಸೇರಿಕೊಳ್ಳಿ. ಆದರೆ ವಾರದ ಏಳೂ ದಿನ ಅದೊಂದೇ ಬಳಗ ಆದರೆ ಮಾತು ಮನೆ ಬೆಲೆ, ಪಿಆರ್ (ಕಾಯಂ ವಾಸದ ಪರವಾನಗಿ), ಊರಿನ ಸೈಟುಗಳ ಸುತ್ತಲೇ ಸುತ್ತುತ್ತದೆ. ನೀವಿರುವ ನಗರ ಕಿಟಕಿಯ ಆಚೆಯೇ ಉಳಿಯುತ್ತದೆ.

ಕನ್ನಡದ ನಂಟು ಈ ನೆಲಕ್ಕೆ ಹೊಸದಲ್ಲ ಅನ್ನುವುದೂ ನೆನಪಿರಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಸ್ಟುಟ್‌ಗಾರ್ಟ್‌ಗೆ ಹತ್ತಿರದ ಟ್ಯುಬಿಂಗನ್‌ನಲ್ಲಿ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಸ್ಟುಟ್‌ಗಾರ್ಟ್ ಇರುವ ಇದೇ ವ್ಯುರ್ಟೆಂಬೆರ್ಗ್ ಸೀಮೆಯವರು. ಪರದೇಶದ ಜನರ ನಡುವೆ ಕೂತು ಅವರ ಮಾತನ್ನು ಒಂದೊಂದಾಗಿ ಕಲಿತವರು ಅವರು. ಒಂದು ಭಾನುವಾರ ಟ್ಯುಬಿಂಗನ್‌ಗೆ ಹೋಗಿ ಬನ್ನಿ.

ಗಂಡನಿಗೆ ಆಫೀಸಿದೆ, ಮಗಳಿಗೆ ಸ್ಕೂಲಿದೆ. ನನಗೇ ಏನೂ ಇಲ್ಲ. ಊರಲ್ಲಿ ಲೆಕ್ಚರರ್ ಆಗಿದ್ದೆ. ಹುಚ್ಚು ಹಿಡಿದ ಹಾಗಾಗ್ತಿದೆ.

ನಿಮ್ಮ ಸಂಕಟ ಪೂರ್ತಿ ನಿಜ, ಅದಕ್ಕೆ ನಾಚಬೇಕಾಗಿಲ್ಲ. ಹಾಗೆ ಬಂದ ಮನೆಯವರೆಲ್ಲರೂ, ಮುಖ್ಯವಾಗಿ ಗಂಡಂದಿರು, ಇದನ್ನು ಓದಬೇಕು. ಕೆಲಸಕ್ಕೆ ಬಂದವರಿಗೆ ಮೊದಲ ದಿನದಿಂದಲೇ ಕುರ್ಚಿ, ಹೆಸರು, ಮಾತಾಡುವ ಜನ ಸಿಗುತ್ತಾರೆ. ಜೊತೆಗೆ ಬಂದವರು ಎಲ್ಲವನ್ನೂ ಮೊದಲಿಂದ ಕಟ್ಟಬೇಕು.

ದಿನವೂ ಹೋಗುವ ಭಾಷಾ ತರಗತಿ ಸೇರಿ. ವಾರಕ್ಕೆರಡು ಸಲದ ಸಂಜೆ ಕ್ಲಾಸು ಸಾಲದು. ಪ್ರತಿ ನಗರದ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ ಇಂಥ ಕ್ಲಾಸುಗಳಿವೆ. ಸರ್ಕಾರದ ನೆರವಿನ ಇಂಟಿಗ್ರೇಷನ್ ಕೋರ್ಸ್ ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯ, ನಿಮಗೆ ಅರ್ಹತೆ ಇದೆಯಾ ಅಂತ ವಿದೇಶಿಯರ ಕಚೇರಿಯಲ್ಲಿ ವಿಚಾರಿಸಿ. ತರಗತಿಯಲ್ಲಿ ಸಿಗುವ ಸಿರಿಯಾ, ಬ್ರೆಜಿಲ್, ಉಕ್ರೇನಿನ ಹೆಂಗಸರೇ ನಿಮ್ಮ ಮೊದಲ ಗೆಳತಿಯರಾಗುತ್ತಾರೆ. ಪದವಿಗೆ ಇಲ್ಲಿ ಯಾವ ಸ್ಥಾನ ಅನ್ನುವುದನ್ನು ಆನಬಿನ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಡಬಹುದು. ಮನೆಯಲ್ಲಿ ಒಂದು ಮಾತು ಮೊದಲೇ ಆಗಲಿ. ನಿಮ್ಮ ತರಗತಿಯ ಹೊತ್ತಿನಲ್ಲಿ ಮಗುವಿನ ಜವಾಬ್ದಾರಿ ಯಾರದು? ಅದು ತೀರ್ಮಾನವಾಗದೆ ಉಳಿದದ್ದೆಲ್ಲ ಬರೀ ಆಸೆಯಾಗಿ ಉಳಿಯುತ್ತದೆ.

ಚಳಿಗಾಲದಲ್ಲಿ ಏನೂ ಬೇಡ ಅನ್ಸುತ್ತೆ. ಎದ್ದೇಳೋಕೂ ಮನಸ್ಸಿಲ್ಲ. ನನಗೊಬ್ಬನಿಗೇನಾ ಹೀಗೆ?

ಇಲ್ಲ. ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಸಂಜೆ ನಾಲ್ಕರೊಳಗೆ ಸೂರ್ಯ ಮುಳುಗುತ್ತಾನೆ. ಬೆಳಕು ಕಡಿಮೆಯಾದಾಗ ನಿದ್ದೆಯ ಲಯ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೋಡ ಇದ್ದರೂ ಅರ್ಧ ಗಂಟೆ ಹೊರಗೆ ನಡೆಯಿರಿ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ, ನಮ್ಮ ಬಣ್ಣದ ಚರ್ಮಕ್ಕೆ ಇಲ್ಲಿನ ಬಿಸಿಲು ಸಾಲುವುದಿಲ್ಲ. ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ಕೂಡಲೇ, ಮನೆ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ. ಮಾನಸಿಕ ಚಿಕಿತ್ಸೆಯೂ ಸಾರ್ವಜನಿಕ ವಿಮೆಯಲ್ಲಿ ಸೇರಿದೆ.

ಮಕ್ಕಳು ಕೀಟಾಗೆ (ಶಿಶುವಿಹಾರಕ್ಕೆ) ಹೋಗೋಕೆ ಶುರು ಮಾಡಿದ ಮೇಲೆ ಕನ್ನಡಕ್ಕೆ ಜರ್ಮನ್‌ನಲ್ಲೇ ಉತ್ತರ ಕೊಡ್ತಾರೆ. ಏನು ಮಾಡೋದು?

ನೀವು ಕನ್ನಡ ಬಿಡಬೇಡಿ, ಅಷ್ಟೇ. ಟೀಚರು ಮನೆಯಲ್ಲೂ ಜರ್ಮನ್ ಮಾತಾಡಿ ಅಂದರೂ ನಿಮ್ಮ ಅರೆಬರೆ ಜರ್ಮನ್‌ನಿಂದ ಮಗುವಿಗೆ ಲಾಭವಿಲ್ಲ. ಜರ್ಮನ್ ಅದು ಕೀಟಾದಲ್ಲಿ ಚೆನ್ನಾಗಿಯೇ ಕಲಿಯುತ್ತದೆ. ಅಜ್ಜಿ ತಾತನ ಜೊತೆ ದಿನವೂ ಹತ್ತು ನಿಮಿಷ ಮಾತು, ರಾತ್ರಿ ಒಂದು ಕನ್ನಡ ಕಥೆ, ಬೇಸಿಗೆ ರಜೆಯಲ್ಲಿ ಊರು. ಬಯ್ದು ಕಲಿಸಬೇಡಿ.

ಒಂದು ವರ್ಷ ತುಂಬಿದ ಮಗುವಿಗೆ ಕೀಟಾದಲ್ಲಿ ಜಾಗ ಕೇಳುವ ಕಾನೂನಿನ ಹಕ್ಕಿದೆ. ಆದರೂ ಜಾಗ ಸಿಗುವುದು ಕಷ್ಟ, ಬೇಗ ಅರ್ಜಿ ಹಾಕಿ. ಮೊದಲ ವಾರಗಳಲ್ಲಿ ತಂದೆಯೋ ತಾಯಿಯೋ ಜೊತೆಗೆ ಕೂತು ಮಗುವನ್ನು ನಿಧಾನವಾಗಿ ಒಗ್ಗಿಸುತ್ತಾರೆ, ಅದಕ್ಕೆ ರಜೆ ಉಳಿಸಿಟ್ಟುಕೊಳ್ಳಿ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸಿನ ನಂತರವೇ ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹಂಚಿಹೋಗುತ್ತಾರೆ. ಈ ವ್ಯವಸ್ಥೆಯನ್ನು ಮೊದಲೇ ತಿಳಿದುಕೊಳ್ಳಿ.

ಹೆಸರು ನೋಡಿಯೇ ಮನೆ ಕೊಡಲ್ಲ ಅಂದ್ರು. ರೈಲಲ್ಲಿ ಒಬ್ಬ ಕೆಟ್ಟದಾಗಿ ಬೈದ. ಸಹಿಸಿಕೊಂಡು ಇರಬೇಕಾ?

ಬೇಡ. ಹುಟ್ಟು, ಧರ್ಮ, ಬಣ್ಣ ನೋಡಿ ಕೆಲಸ ಅಥವಾ ಮನೆಯಲ್ಲಿ ಭೇದ ಮಾಡುವುದರ ವಿರುದ್ಧ 2006ರಿಂದ ಕಾನೂನಿದೆ. ಪರಿಹಾರ ಕೇಳಲು ಸಾಮಾನ್ಯವಾಗಿ ಎರಡೇ ತಿಂಗಳ ಅವಕಾಶ, ಆದ್ದರಿಂದ ದಿನಾಂಕ, ಮಾತು, ಸಾಕ್ಷಿಯನ್ನು ಅಂದೇ ಬರೆದಿಡಿ. ಒಕ್ಕೂಟ ಸರ್ಕಾರದ ಭೇದಭಾವ ವಿರೋಧಿ ಕಚೇರಿ ಬಿಟ್ಟಿಯಾಗಿ ಸಲಹೆ ಕೊಡುತ್ತದೆ. ಬೀದಿಯಲ್ಲಿ ಹೆದರಿಸಿದರೆ 110. ಮನೆಗೆ ಬಂದು ನುಂಗಿಕೊಂಡು ಕೂರಬೇಡಿ, ಯಾರಿಗಾದರೂ ಹೇಳಿ. ಆಫೀಸಿನ ಜರ್ಮನ್ ಗೆಳೆಯರಿಗೆ ಹೇಳಿದಾಗ ಅವರಿಗೆ ನಮಗಿಂತ ಜಾಸ್ತಿ ಸಿಟ್ಟು ಬಂದದ್ದನ್ನು ನೋಡಿದ್ದೇನೆ.

ಅಪ್ಪ ಅಮ್ಮಂಗೆ ವಯಸ್ಸಾಯ್ತು. ರಾತ್ರಿ ಫೋನ್ ಬಂದ್ರೆ ಎದೆ ಹೊಡ್ಕೊಳ್ಳುತ್ತೆ.

ಈ ಭಯ ಹೋಗುವುದಿಲ್ಲ. ಸಿದ್ಧತೆ ಇದ್ದರೆ ಸ್ವಲ್ಪ ಹಗುರಾಗುತ್ತದೆ. ಟಿಕೆಟಿಗೆ ಆಗುವಷ್ಟು ದುಡ್ಡು ಬೇರೆ ಇಡಿ. ಪಾಸ್‌ಪೋರ್ಟು, ವಾಸದ ಕಾರ್ಡಿನ ಅವಧಿ ಮುಗಿಯಲು ಬಿಡಬೇಡಿ, ಹೋದವರು ವಾಪಸ್ ಬರುವಾಗ ತೊಂದರೆಯಾಗುತ್ತದೆ. ಊರಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಒಬ್ಬ ನೆಂಟರೋ ಗೆಳೆಯರೋ ಇರಲಿ, ಅವರ ಬಳಿ ವಿಮೆಯ ಕಾರ್ಡು, ಮನೆಯ ಬೀಗದ ಕೈ ಇರಲಿ. ಫ್ರಾಂಕ್‌ಫರ್ಟ್, ಮ್ಯೂನಿಕ್‌ನಿಂದ ಬೆಂಗಳೂರಿಗೆ ನೇರ ವಿಮಾನಗಳಿವೆ.

ಅವರನ್ನು ಇಲ್ಲಿಗೆ ಕರೆಸಿಕೊಳ್ಳಲು ಅಲ್ಪಾವಧಿ ಭೇಟಿಯ ಷೆಂಗನ್ ವೀಸಾದಲ್ಲಿ 180 ದಿನಕ್ಕೆ 90 ದಿನದ ಮಿತಿ ಇದೆ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. 2024ರ ಮಾರ್ಚ್ 1ರಂದು ಅಥವಾ ಆಮೇಲೆ ಮೊದಲ ಸಲ ನುರಿತ ಕೆಲಸಗಾರರ ಪರವಾನಗಿ ಪಡೆದವರು ತಂದೆ ತಾಯಿಯನ್ನು ದೀರ್ಘಕಾಲಕ್ಕೆ ಕರೆಸುವ ದಾರಿ ಒಂದಿದೆ. ವಯಸ್ಸಾದವರಿಗೆ ಪೂರ್ತಿ ಆರೋಗ್ಯ ವಿಮೆ ಸಿಗುವುದೇ ಅದರಲ್ಲಿ ದೊಡ್ಡ ತೊಡಕು.

## ಬೇರು ಬಿಟ್ಟ ಮೇಲೆ

ಕೆಲಸ ಹೋದ್ರೆ ಮರುದಿನವೇ ದೇಶ ಬಿಡಬೇಕಾ?

ಇಲ್ಲ. ಗಾಬರಿಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಅದರಲ್ಲೂ ನೀವೇ ಒಪ್ಪಿ ಬಿಡುವ ಒಪ್ಪಂದಕ್ಕೆ. ವಜಾ ಮಾಡಿದ್ದನ್ನು ಪ್ರಶ್ನಿಸಲು ಪತ್ರ ಸಿಕ್ಕ ಮೂರು ವಾರದೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ವಿಷಯ ಗೊತ್ತಾದ ಮೂರು ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ಕೆಲಸ ಮುಗಿಯಲು ಮೂರು ತಿಂಗಳಿಗಿಂತ ಜಾಸ್ತಿ ಇದ್ದರೆ ಮೂರು ತಿಂಗಳು ಮುಂಚೆ ಬರೆಸಿದರೆ ಸಾಕು. ವಿದೇಶಿಯರ ಕಚೇರಿಗೆ ಎರಡು ವಾರದೊಳಗೆ ತಿಳಿಸಬೇಕು. ಬೇರೆ ಕೆಲಸ ಹುಡುಕಲು ಅವರು ಸಮಯ ಕೊಡುತ್ತಾರೆ. ಕಳೆದ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದ್ದರೆ ನಿರುದ್ಯೋಗ ಭತ್ಯೆಯ ಹಕ್ಕೂ ಇದೆ. ಅದು ನೀವೇ ಕಟ್ಟಿದ ವಿಮೆಯ ದುಡ್ಡು, ಸಂಕೋಚ ಬೇಡ.

ಪಿಆರ್ ಸಾಕಾ, ಪೌರತ್ವ ತಗೋಬೇಕಾ?

ಬ್ಲೂ ಕಾರ್ಡ್ ಇರುವವರಿಗೆ ಎ1 ಜರ್ಮನ್ ಬಂದರೆ 27 ತಿಂಗಳಿಗೆ, ಮಧ್ಯಮ ಹಂತದ ಬಿ1 ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗಬಹುದು. ಅಷ್ಟು ತಿಂಗಳು ಪಿಂಚಣಿ ವಂತಿಗೆ ಕಟ್ಟಿರಬೇಕು. ಪೌರತ್ವಕ್ಕೆ 2024ರ ಜೂನ್ 27ರಿಂದ ಎಂಟು ವರ್ಷದ ಬದಲು ಐದು ವರ್ಷ ವಾಸ ಸಾಕು. ಬಿ1 ಜರ್ಮನ್ ಬೇಕು, ಜೊತೆಗೆ 33 ಪ್ರಶ್ನೆಗಳಲ್ಲಿ 17 ಸರಿ ಉತ್ತರ ಬೇಕಾದ ಪರೀಕ್ಷೆ.

ಜರ್ಮನಿ ಈಗ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಇಲ್ಲಿನ ಪೌರತ್ವ ಸಿಕ್ಕ ಕ್ಷಣಕ್ಕೆ ಭಾರತದ್ದು ಹೋಗುತ್ತದೆ. ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಒಸಿಐ ಕಾರ್ಡಿನಲ್ಲಿ ಊರಿಗೆ ಬಂದು ಹೋಗಬಹುದು, ಆದರೆ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಲ್ಲಿ ತೋಟ ಗದ್ದೆ ಇರುವವರು ವಕೀಲರ ಹತ್ತಿರ ಮಾತಾಡಿ ಮುಂದುವರಿಯಿರಿ. ನೀವು ದುಡಿದು ತೆರಿಗೆ ಕಟ್ಟುವ, ಮಕ್ಕಳು ಬೆಳೆಯುವ ಊರಿನಲ್ಲಿ ಮತ ಇಲ್ಲದೆ ಬದುಕುವುದೂ ಒಂದು ಕೊರತೆಯೇ. ಎರಡನ್ನೂ ತೂಗಿ ನೋಡಿ.

ಎರಡು ವರ್ಷಕ್ಕೆ ಅಂತ ಬಂದ್ವಿ, ಆರಾಯ್ತು. ಇರ್ತೀವೋ ಹೋಗ್ತೀವೋ ಗೊತ್ತಿಲ್ಲ. ಹಾಗಾಗಿ ಮನೆಗೆ ಒಂದು ಒಳ್ಳೆ ಟೇಬಲ್ ಕೂಡ ತಂದಿಲ್ಲ.

ಟೇಬಲ್ ತನ್ನಿ. ಹೋಗುವಾಗ ಮಾರಬಹುದು. ತೀರ್ಮಾನ ಆಗುವವರೆಗೆ ಬದುಕನ್ನು ಮುಂದೂಡಿದರೆ ಆ ವರ್ಷಗಳು ಇಲ್ಲಿಗೂ ಸೇರುವುದಿಲ್ಲ, ಅಲ್ಲಿಗೂ ಸೇರುವುದಿಲ್ಲ. ನಾಳೆ ವಾಪಸ್ ಹೋಗುವುದಾದರೂ ಇಂದು ಭಾಷೆ ಕಲಿಯಬಹುದು, ಬಾಲ್ಕನಿಯಲ್ಲಿ ಕೊತ್ತಂಬರಿ ಹಾಕಬಹುದು, ಸಂಘದ ಜವಾಬ್ದಾರಿ ಹೊರಬಹುದು. ಗೆಳೆಯರಾಗುವುದಕ್ಕೆ ಮುಂಚೆ ನೀವು ಎಷ್ಟು ವರ್ಷ ಇರುತ್ತೀರಿ ಅಂತ ಯಾರೂ ಕೇಳುವುದಿಲ್ಲ.

ವಾಪಸ್ ಹೋಗೋದು ಅಂತಾಯ್ತು. ಏನೇನು ಮುಗಿಸಬೇಕು?

ಮನೆ ಬಿಡಲು ಮೂರು ತಿಂಗಳ ನೋಟಿಸ್ ಕೊಡಬೇಕು. ಕಾಗದದ ಮೇಲೆ ಸಹಿ ಹಾಕಿ ಕೊಡಿ, ಇಮೇಲ್ ನಡೆಯುವುದಿಲ್ಲ. ವಿಳಾಸ ರದ್ದು ಮಾಡಿಸುವುದು ಹೊರಡುವ ಒಂದು ವಾರ ಮುಂಚಿನಿಂದ ಹೊರಟ ಎರಡು ವಾರದವರೆಗೆ. ಆ ರಸೀದಿ ಜೋಪಾನ, ವಿಮೆ, ಫೋನು, ರೇಡಿಯೋ ಶುಲ್ಕ ನಿಲ್ಲಿಸಲು ಅದನ್ನೇ ಕೇಳುತ್ತಾರೆ. ಅಡ್ವಾನ್ಸು, ತೆರಿಗೆ ವಾಪಸಾತಿ ಬರಲು ತಿಂಗಳುಗಳು ಬೇಕು, ಬ್ಯಾಂಕ್ ಖಾತೆಯನ್ನು ಕೊನೆಗೆ ಮುಚ್ಚಿ. ಪಿಂಚಣಿಯ ದಾಖಲೆಯ ಪ್ರತಿ ತೆಗೆದುಕೊಳ್ಳಿ. 60 ತಿಂಗಳು ಕಟ್ಟಿದವರಿಗೆ ವಯಸ್ಸಾದ ಮೇಲೆ ಪಿಂಚಣಿಯ ಹಕ್ಕು ಇರುತ್ತದೆ. ಭಾರತ ಮತ್ತು ಜರ್ಮನಿ ನಡುವೆ 2017ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದ ಬಗ್ಗೆ ಪಿಂಚಣಿ ಕಚೇರಿಯಲ್ಲೇ ವಿಚಾರಿಸಿ. ಸಂಘದಲ್ಲಿ ನೀವು ಹೊತ್ತ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು, ಬೀಗದ ಕೈ ಅವರ ಕೈಗೆ ಕೊಟ್ಟು ಬನ್ನಿ.